ಹರಡು (ಪಾದ ಕಾಲಿಗೆ ಸೇರುವ ಕೀಲು) ಬಿಗಿಯಾಗಿದ್ದರೆ: ತಿಕ್ಕುವ ಮೊದಲು ಎಲ್ಲಿ ಹಿಡಿಯುತ್ತಿದೆ ನೋಡಿ

ಪ್ಲಾಸ್ಟರ್ ಬಿಚ್ಚಿಸಿಕೊಂಡು ಫಿಸಿಯೋಥೆರಪಿಗೆ ಬರುವವರು ಹೇಳುವ ಮೊದಲ ದೂರು ಎಷ್ಟೋ ಸಲ ನೋವಿನದ್ದಲ್ಲ. "ಇಂಡಿಯನ್ ಟಾಯ್ಲೆಟ್‌ನಲ್ಲಿ ಕೂರೋಕೆ ಆಗ್ತಿಲ್ಲ ಮೇಡಂ, ಹಿಮ್ಮಡಿ ಎದ್ದುಬಿಡುತ್ತೆ" ಅನ್ನುತ್ತಾರೆ. ಕಾಲು ಉಳುಕಿದಾಗ ಸುಮ್ನೆ ಬಿಟ್ಟವರದ್ದೂ ಇದೇ ಪಾಡು. ಅಷ್ಟರಲ್ಲಿ ಮನೆಯವರು ಎಣ್ಣೆ ಹಚ್ಚಿ ಮೀನಖಂಡ ತಿಕ್ಕಿ ತಿಕ್ಕಿ ಸುಸ್ತಾಗಿರುತ್ತಾರೆ.

ಮೊದಲು ಅಳೆಯಿರಿ. ಗೋಡೆಗೆ ಮುಖ ಮಾಡಿ ನಿಂತು, ಹಿಮ್ಮಡಿ ಎತ್ತದೆ ಮೊಣಕಾಲನ್ನು ಗೋಡೆಗೆ ಮುಟ್ಟಿಸಿ. ಮುಟ್ಟಿತೇ? ಪಾದವನ್ನು ಸ್ವಲ್ಪ ಹಿಂದೆ ಸರಿಸಿ. ಮೊಣಕಾಲು ಕೊನೆಯ ಸಲ ಗೋಡೆಗೆ ಮುಟ್ಟಿದ ಜಾಗದಲ್ಲಿ, ಕಾಲಿನ ಹೆಬ್ಬೆರಳಿನಿಂದ ಗೋಡೆಗೆ ಸ್ಕೇಲ್ ಇಡಿ. 10 ಸೆಂಟಿಮೀಟರ್ ಆಸುಪಾಸು ಇದ್ದರೆ ಚೆನ್ನಾಗಿದೆ ಅಂತ ಲೆಕ್ಕ. ನಾನು ಜಾಸ್ತಿ ಗಮನ ಕೊಡುವುದು ಎರಡು ಕಾಲಿನ ವ್ಯತ್ಯಾಸಕ್ಕೆ.

ಈಗ ಮುಖ್ಯ ಪ್ರಶ್ನೆ: ಎಲ್ಲಿ ಹಿಡಿಯಿತು? ಹಿಂದೆ ಎಳೆದಂತಾದರೆ ಮೀನಖಂಡ ಬಿಗಿ. ತಿಕ್ಕಿ, ಮೊಣಕಾಲು ನೇರವಾಗಿಟ್ಟು ಒಮ್ಮೆ, ಬಗ್ಗಿಸಿ ಒಮ್ಮೆ ತಲಾ 30 ಸೆಕೆಂಡು ಹಿಗ್ಗಿಸಿ.

ಮುಂದೆ, ಪಾದ ಕಾಲಿಗೆ ಸೇರುವ ಮಡಿಕೆಯಲ್ಲಿ ಚಿವುಟಿದಂತಾದರೆ ಅಡ್ಡಿ ಕೀಲಿನಲ್ಲೇ ಇರಬಹುದು. ಆಗ ಮೀನಖಂಡ ಎಷ್ಟು ತಿಕ್ಕಿದರೂ ಅಷ್ಟೇ. ಹರಡಿನ ಎರಡು ಗಂಟುಗಳ ನಡುವೆ ಟೇಲಸ್ ಅನ್ನುವ ಮೂಳೆ ಕೂತಿದೆ. ಮೊಣಕಾಲು ಮುಂದೆ ಹೋದಾಗ ಅದು ತುಸು ಹಿಂದಕ್ಕೆ ಜಾರಬೇಕು. ಅದಕ್ಕೆ ನಾವು ಕೈಯಿಂದ ಸಹಾಯ ಮಾಡುತ್ತೇವೆ. ಚಲನೆಯ ಜೊತೆಗೇ ಕೀಲನ್ನು ಜಾರಿಸುವ ಈ ಪದ್ಧತಿ ನ್ಯೂಜಿಲೆಂಡಿನ ಫಿಸಿಯೋಥೆರಪಿಸ್ಟ್ ಬ್ರಯಾನ್ ಮಲಿಗನ್ ಅವರದ್ದು.

ಬಿಗಿಯಾದ ಕಾಲನ್ನು ಅಲ್ಲಾಡದ ಗಟ್ಟಿ ಸ್ಟೂಲ್ ಮೇಲೆ ಇಡಿಸಿ. ಇನ್ನೊಂದು ಕಾಲು ನೆಲದ ಮೇಲೆ, ಕೈ ಗೋಡೆಗೆ. ಸಹಾಯಕ್ಕೆ ನಿಂತವರು ಹೆಬ್ಬೆರಳು ತೋರುಬೆರಳಿನ ನಡುವಿನ ಕವಲನ್ನು ಗಂಟುಗಳಿಗಿಂತ ತುಸು ಕೆಳಗೆ, ಪಾದದ ಮುಂಭಾಗಕ್ಕೆ ಕೂರಿಸಬೇಕು. ಬೆರಳ ತುದಿಯಿಂದ ಚುಚ್ಚಬೇಡಿ, ಅಲ್ಲಿ ರಕ್ತನಾಳ ಹಾದುಹೋಗುತ್ತದೆ. ಕೈಯನ್ನು ಗಂಟುಗಳಿಗಿಂತ ಮೇಲೆ ಇಟ್ಟುಕೊಂಡರೆ ಕಾಲಿನ ಮೂಳೆಯನ್ನೇ ಹಿಂದಕ್ಕೆ ತಳ್ಳಿದಂತಾಗುತ್ತದೆ, ಕೆಲಸ ಉಲ್ಟಾ. ಹಿಮ್ಮಡಿ ಕಡೆಗೆ ಒಂದೇ ಸಮ ಒತ್ತಿ ಹಿಡಿಯಿರಿ. ಒತ್ತುವವರಲ್ಲ, ಸ್ಟೂಲ್ ಮೇಲೆ ಕಾಲಿಟ್ಟವರೇ ನಿಧಾನಕ್ಕೆ ಮೊಣಕಾಲನ್ನು ಕಾಲಿನ ಎರಡನೇ ಬೆರಳಿನ ನೇರಕ್ಕೆ ಮುಂದೆ ತಂದು ವಾಪಸ್ ಹೋಗಬೇಕು. ಪೂರ್ತಿ ವಾಪಸಾಗುವ ತನಕ ಕೈ ಬಿಡಬೇಡಿ. ಹತ್ತು ಸಲ, ಎರಡು ಮೂರು ಸುತ್ತು.

ನೋವಾಗಬಾರದು. "ನೋವು ತಡ್ಕೊಂಡ್ರೇ ಸರಿಹೋಗೋದು" ಅನ್ನುವ ಮಾತು ಇಲ್ಲಿ ನಡೆಯಲ್ಲ. ನೋವಾದರೆ ಕೈ ಜಾಗ ಕೂದಲೆಳೆಯಷ್ಟು ಬದಲಿಸಿ. ಆಗಲೂ ನೋವಿದ್ದರೆ ಬಿಟ್ಟುಬಿಡಿ, ಫಿಸಿಯೋಥೆರಪಿಸ್ಟ್‌ಗೆ ತೋರಿಸಿ.

ಮುಗಿದ ಕೂಡಲೇ ಮತ್ತೆ ಗೋಡೆಯ ಹತ್ತಿರ ಅಳೆಯಿರಿ. ದೂರ ಜಾಸ್ತಿಯಾಗಿದ್ದರೆ ನಿಮ್ಮ ಕೈ ಸರಿಯಾದ ಜಾಗದಲ್ಲಿತ್ತು. ಹಾಗಂತ ಹೋಗಿ ಮಲಗಬೇಡಿ; ಕಿಟಕಿ ಸರಳು ಹಿಡಿದು ಒಂದಷ್ಟು ಹೊತ್ತು ಕುಕ್ಕರುಗಾಲಲ್ಲಿ ಕೂತೆದ್ದು ಮಾಡಿ. ಹೊಸದಾಗಿ ಸಿಕ್ಕ ಚಲನೆಯನ್ನು ಬಳಸದಿದ್ದರೆ ಮತ್ತೆ ಬಿಗಿಯುತ್ತದೆ.

ಮೂಳೆ ಮುರಿದಿದ್ದವರು, ಸ್ಕ್ರೂ ಪ್ಲೇಟ್ ಹಾಕಿಸಿಕೊಂಡವರು ಚಿಕಿತ್ಸೆ ಮಾಡಿದ ಡಾಕ್ಟರನ್ನು ಕೇಳದೆ ಇದನ್ನು ಮಾಡಬಾರದು. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಿಗೆ ಒತ್ತಡ ಗೊತ್ತಾಗುವುದಿಲ್ಲ, ಅವರಿಗೂ ಮನೆಯಲ್ಲಿ ಬೇಡ. ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ, ನೋಯುತ್ತಿದ್ದರೆ ಕೈ ಹಚ್ಚಲೇಬೇಡಿ. ರಕ್ತ ಹೆಪ್ಪುಗಟ್ಟಿರಬಹುದು, ಅವತ್ತೇ ಆಸ್ಪತ್ರೆಗೆ ಹೋಗಿ.