ಹೊಸಬರಿಗೆ ಮಾರ್ಗದರ್ಶಿ: ಇಂಗ್ಲೆಂಡಿನ ನ್ಯಾಯಾಧೀಶರ ಸ್ಥಾನಗಳು ಮತ್ತು ಕೆಲಸ

ನ್ಯಾಯಾಲಯದಿಂದ ಪತ್ರ ಬಂದರೆ ಹೊಸದಾಗಿ ಬಂದವರು ಗಾಬರಿಯಾಗುವುದು ಸಹಜ. ಯಾರ ಮುಂದೆ ನಿಲ್ಲಬೇಕಾಗಿದೆ ಎಂಬುದು ತಿಳಿದಿದ್ದರೆ ಆ ಗಾಬರಿ ಬಹುಮಟ್ಟಿಗೆ ಇಳಿಯುತ್ತದೆ. ಇಲ್ಲಿ ಹೇಳುವುದು ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಮಾತ್ರ ಅನ್ವಯಿಸುತ್ತದೆ. ಸ್ಕಾಟ್ಲೆಂಡ್ ಮತ್ತು ಉತ್ತರ ಐರ್ಲೆಂಡಿನ ನ್ಯಾಯವ್ಯವಸ್ಥೆಗಳು ಬೇರೆ.

ಎಲ್ಲ ಕ್ರಿಮಿನಲ್ ಪ್ರಕರಣಗಳೂ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲೇ ಆರಂಭವಾಗುತ್ತವೆ, ಬಹುಪಾಲು ಅಲ್ಲಿಯೇ ಮುಗಿಯುತ್ತವೆ. ಕರ್ನಾಟಕದ ಮ್ಯಾಜಿಸ್ಟ್ರೇಟರಂತೆ ಇಲ್ಲಿನ ಮ್ಯಾಜಿಸ್ಟ್ರೇಟರು ಕಾನೂನು ಓದಿ ನೇಮಕಗೊಂಡವರಲ್ಲ. ವೇತನವಿಲ್ಲದೆ, ತರಬೇತಿ ಪಡೆದು ಸೇವೆ ಸಲ್ಲಿಸುವ ನಾಗರಿಕರು. ಸಾಮಾನ್ಯವಾಗಿ ಮೂವರು ಒಟ್ಟಿಗೆ ಕೂರುತ್ತಾರೆ, ಕಾನೂನಿನ ವಿಷಯದಲ್ಲಿ ಸಲಹೆಗಾರರೊಬ್ಬರು ನೆರವಾಗುತ್ತಾರೆ. ಅತಿವೇಗದ ಚಾಲನೆ ಅಥವಾ ಟಿವಿ ಲೈಸೆನ್ಸ್ ಇಲ್ಲದಿರುವಂಥ ಆರೋಪಗಳಲ್ಲಿ ಒಬ್ಬರೇ ಮ್ಯಾಜಿಸ್ಟ್ರೇಟ್ ಕಾಗದಪತ್ರಗಳನ್ನಷ್ಟೇ ನೋಡಿ ತೀರ್ಮಾನಿಸಬಹುದು. ಅಂಥ ನೋಟಿಸಿಗೆ 21 ದಿನಗಳೊಳಗೆ ಉತ್ತರಿಸದಿದ್ದರೆ ನಿಮ್ಮ ಮಾತು ಕೇಳದೆಯೇ ತೀರ್ಪು ಬರಬಹುದಾದ್ದರಿಂದ, ಅದನ್ನು ದಯವಿಟ್ಟು ಬದಿಗಿಡಬೇಡಿ.

ನಮ್ಮಲ್ಲಿ ಡಿಸ್ಟ್ರಿಕ್ಟ್ ಜಡ್ಜ್ ಎಂದರೆ ಜಿಲ್ಲೆಯ ನ್ಯಾಯಾಂಗದ ಹಿರಿಯರು. ಇಲ್ಲಿ ಅವರ ಸ್ಥಾನ, ಹೆಚ್ಚು ಗಂಭೀರ ಪ್ರಕರಣಗಳನ್ನು ನಡೆಸುವ ಸರ್ಕ್ಯೂಟ್ ಜಡ್ಜ್‌ಗಿಂತ ಕೆಳಗಿನದು. ಆದರೆ ಮನೆ ಬಾಡಿಗೆಯ ಠೇವಣಿ, ಬಾಕಿ ಹಣ, ವಿಚ್ಛೇದನದಂಥ ವಿಷಯಗಳಲ್ಲಿ ನಮ್ಮವರು ಹೆಚ್ಚಾಗಿ ಎದುರಾಗುವುದು ಇವರಿಗೇ. 2022ರ ಡಿಸೆಂಬರಿನಿಂದ ಇವರನ್ನೂ ಟ್ರಿಬ್ಯುನಲ್ (ವಲಸೆಯಂಥ ನಿರ್ದಿಷ್ಟ ವಿಷಯಗಳ ನ್ಯಾಯಮಂಡಳಿ) ನ್ಯಾಯಾಧೀಶರನ್ನೂ ‘ಜಡ್ಜ್’ ಎಂದಷ್ಟೇ ಸಂಬೋಧಿಸಿದರೆ ಸಾಕು. ಮ್ಯಾಜಿಸ್ಟ್ರೇಟರಿಗೆ ‘ಸರ್’ ಅಥವಾ ‘ಮೇಡಂ’, ಸರ್ಕ್ಯೂಟ್ ಜಡ್ಜ್‌ಗೆ ‘ಯುವರ್ ಆನರ್’, ಹೈಕೋರ್ಟಿನವರಿಗೆ ‘ಮೈ ಲಾರ್ಡ್’ ಅಥವಾ ‘ಮೈ ಲೇಡಿ’ ಎನ್ನುವುದು ರೂಢಿ.

ಗಂಭೀರ ಅಪರಾಧಗಳು ಕ್ರೌನ್ ಕೋರ್ಟಿಗೆ ಹೋಗುತ್ತವೆ. ಅಲ್ಲಿ ಸರ್ಕ್ಯೂಟ್ ಜಡ್ಜ್ ಅಥವಾ ಅರೆಕಾಲಿಕ ನ್ಯಾಯಾಧೀಶರಾದ ರೆಕಾರ್ಡರ್ ಕೂತಿದ್ದರೂ, ಆರೋಪಿ ತಪ್ಪಿತಸ್ಥನೇ ಎಂಬುದನ್ನು ನಿರ್ಧರಿಸುವವರು ಸಾಮಾನ್ಯ ನಾಗರಿಕರಿಂದ ಆಯ್ದ 12 ಮಂದಿ ಜ್ಯೂರಿ ಸದಸ್ಯರು. ವಿಚಾರಣೆ ನಡೆಸುವುದು, ಕಾನೂನಿನ ಪ್ರಶ್ನೆಗಳನ್ನು ತೀರ್ಮಾನಿಸುವುದು ಮತ್ತು ಶಿಕ್ಷೆ ವಿಧಿಸುವುದು ನ್ಯಾಯಾಧೀಶರ ಪಾಲಿನದು. ಕಾಮನ್‌ವೆಲ್ತ್ ಪ್ರಜೆಗಳಾದ ಭಾರತೀಯರೂ ಇಲ್ಲಿನ ಮತದಾರರ ಪಟ್ಟಿಯಲ್ಲಿ ಸೇರಬಹುದಾದ್ದರಿಂದ, ಐದು ವರ್ಷ ಇಲ್ಲಿ ನೆಲೆಸಿದ ಮೇಲೆ ಜ್ಯೂರಿ ಸೇವೆಗೆ ನಿಮಗೂ ಕರೆ ಬರಬಹುದು. ಅದು ಕಡ್ಡಾಯ ಕರ್ತವ್ಯ. ಕಾರಣವಿಲ್ಲದೆ ತಪ್ಪಿಸಿಕೊಂಡರೆ ದಂಡ ಬೀಳುತ್ತದೆ.

ಇದಕ್ಕೂ ಮೇಲೆ ಹೈಕೋರ್ಟ್, ಮೇಲ್ಮನವಿ ನ್ಯಾಯಾಲಯ ಮತ್ತು 12 ನ್ಯಾಯಮೂರ್ತಿಗಳ ಸುಪ್ರೀಂ ಕೋರ್ಟ್ ಇವೆ. 2023ರ ಅಕ್ಟೋಬರಿನಲ್ಲಿ ಸೂ ಕಾರ್ ಅವರು ಇಂಗ್ಲೆಂಡ್ ಮತ್ತು ವೇಲ್ಸ್‌ನ ಮುಖ್ಯ ನ್ಯಾಯಮೂರ್ತಿಯಾದ ಮೊದಲ ಮಹಿಳೆಯಾದರು. ಸುಪ್ರೀಂ ಕೋರ್ಟ್ ಕೆಲಸ ಆರಂಭಿಸಿದ್ದು 2009ರಲ್ಲಿ. 1949ರವರೆಗೆ ಭಾರತದ ಮೇಲ್ಮನವಿಗಳನ್ನು ಆಲಿಸುತ್ತಿದ್ದ ಪ್ರಿವಿ ಕೌನ್ಸಿಲಿನ ನ್ಯಾಯಿಕ ಸಮಿತಿ ಈಗ ಕೂರುವುದೂ ಅದೇ ಕಟ್ಟಡದಲ್ಲಿ.

ಕ್ರಿಮಿನಲ್ ಪ್ರಕರಣಗಳಲ್ಲೂ ವಲಸೆ ಟ್ರಿಬ್ಯುನಲ್ಲಿನಲ್ಲೂ ಇಂಗ್ಲಿಷ್ ಸಾಲದವರಿಗೆ ಉಚಿತವಾಗಿ ದುಭಾಷಿಯನ್ನು ಒದಗಿಸುತ್ತಾರೆ. ಊರಿನಿಂದ ಬಂದ ತಂದೆತಾಯಿಯರು ಸಾಕ್ಷಿ ಹೇಳಬೇಕಾದರೆ ಮೊದಲೇ ಬರೆದು ತಿಳಿಸಿ, ಬೇಕಾದ ಭಾಷೆ ಕನ್ನಡವೆಂದು ಸ್ಪಷ್ಟವಾಗಿ ನಮೂದಿಸಿ. ಮಕ್ಕಳೋ ನೆಂಟರೋ ಅನುವಾದ ಮಾಡಿದರಾಯಿತು ಎಂದು ಭಾವಿಸಬೇಡಿ.