ಕ್ರಾಂಜಿ ಯುದ್ಧ ಸ್ಮಶಾನಕ್ಕೆ ಎಂಆರ್‌ಟಿ, ಬಸ್ಸಿನಲ್ಲಿ: ನನ್ನ ಅನುಭವ

ಸಿಂಗಪುರದ ಉತ್ತರ ಅಂಚಿನಲ್ಲಿ, ಜೋಹೋರ್ ಜಲಸಂಧಿಯ ಕಡೆ ಮುಖ ಮಾಡಿದ ಒಂದು ದಿಣ್ಣೆಯ ಮೇಲೆ ಎರಡನೇ ಮಹಾಯುದ್ಧದಲ್ಲಿ ಸತ್ತ ಸೈನಿಕರ ಕ್ರಾಂಜಿ ಯುದ್ಧ ಸ್ಮಶಾನವಿದೆ. ನಗರದ ನಡುಭಾಗದಿಂದ ಸುಮಾರು 22 ಕಿ.ಮೀ. ಇದಕ್ಕೆ ಟ್ಯಾಕ್ಸಿ ಬೇಕೇ ಇಲ್ಲ. ಎಂಆರ್‌ಟಿ ಎಂಬ ಅಲ್ಲಿನ ಮೆಟ್ರೋ ರೈಲೋ ಬಸ್ಸೋ ಸಾಕು. ತೊಡಕಿರುವುದು ದಾರಿಯಲ್ಲಲ್ಲ, ಒಳಗೆ ಹೋದ ಮೇಲೆ. ನಮ್ಮ ಕಡೆಯಿಂದ ಬಂದವರು ಸಾಲುಗಟ್ಟಿದ ಬಿಳಿ ಕಲ್ಲುಗಳ ನಡುವೆ ಬಿಸಿಲಲ್ಲಿ ಅಡ್ಡಾಡಿ, ಭಾರತದ ಹೆಸರು ಅಲ್ಲೊಂದು ಇಲ್ಲೊಂದು ಕಂಡು, ಫೋಟೋ ಹೊಡೆದುಕೊಂಡು ಹಿಂತಿರುಗುವುದೇ ಹೆಚ್ಚು. ನಮ್ಮವರ ಹೆಸರುಗಳು ಬಹುಪಾಲು ಇರುವುದು ಆ ಕಲ್ಲುಗಳ ಮೇಲಲ್ಲ. ದಿಣ್ಣೆಯ ನೆತ್ತಿಯಲ್ಲಿರುವ ಸಿಂಗಪುರ ಮೆಮೋರಿಯಲ್ ಎಂಬ ಸ್ಮಾರಕದ ಗೋಡೆಗಳ ಮೇಲೆ ಮತ್ತು ಅದರ ಬೆನ್ನಿಗಿರುವ ಇನ್ನೊಂದು ಸ್ಮಾರಕದಲ್ಲಿ. ಹಾಗಾಗಿ ಅರ್ಧ ಕೆಲಸವನ್ನು ಮನೆಯಲ್ಲೇ ಮುಗಿಸಿಕೊಂಡು ಹೊರಡಬೇಕು.

ಮೊದಲು ಹೆಸರು ಹುಡುಕುವ ವಿಚಾರ. ಇಂಥ ಯುದ್ಧ ಸ್ಮಶಾನಗಳನ್ನು ನೋಡಿಕೊಳ್ಳುವ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ತನ್ನ ಜಾಲತಾಣದಲ್ಲಿ ಸತ್ತ ಸೈನಿಕರ ಪಟ್ಟಿಯನ್ನು ಉಚಿತವಾಗಿ ಇಟ್ಟಿದೆ. ಅಲ್ಲಿ ನೇರವಾಗಿ ಹೆಸರು ಟೈಪ್ ಮಾಡಿದರೆ ಬಹಳ ಸಲ ಏನೂ ಸಿಗುವುದಿಲ್ಲ. ನಮ್ಮ ಹೆಸರುಗಳನ್ನು ಪಡೆಯ ಗುಮಾಸ್ತರು ಕೇಳಿಸಿದ ಹಾಗೆ ಇಂಗ್ಲಿಷಿನಲ್ಲಿ ಬರೆದುಕೊಂಡರು. ಒಂದೇ ಹೆಸರಿದ್ದವರಿಗೆ ಅದನ್ನೇ ಮನೆತನದ ಹೆಸರಿನ ಜಾಗದಲ್ಲಿ ತುಂಬಿದರು. ನಾನು ಹೆಸರಿನ ಖಾನೆಯನ್ನು ಖಾಲಿ ಬಿಟ್ಟು ಇನ್ನೊಂದು ತುದಿಯಿಂದ ಹೊರಡುತ್ತೇನೆ. ಸೇವೆ ಎಂಬಲ್ಲಿ ಇಂಡಿಯನ್ ಆರ್ಮಿ, ಸ್ಮಾರಕ ಎಂಬಲ್ಲಿ ಸಿಂಗಪುರ ಮೆಮೋರಿಯಲ್, ಹೆಚ್ಚುವರಿ ಮಾಹಿತಿ ಎಂಬಲ್ಲಿ ಊರು ಅಥವಾ ಜಿಲ್ಲೆಯ ಹೆಸರು. ಎಷ್ಟೋ ದಾಖಲೆಗಳಲ್ಲಿ ‘ಇಂಥವರ ಮಗ, ಇಂಥ ಊರು, ಮೈಸೂರು’ ಎಂಬಷ್ಟು ವಿವರ ಇರುತ್ತದೆ, ಅದು ಹಿಡಿಯಲು ಸಿಗುವ ಎಳೆ. ಊರಿನ ಹೆಸರನ್ನು ಬ್ರಿಟಿಷರ ಕಾಲದ ಕಾಗುಣಿತದಲ್ಲೇ ಹಾಕಬೇಕು: ಬ್ಯಾಂಗಲೋರ್, ಕೂರ್ಗ್, ಸೌತ್ ಕೆನರಾ, ಬೆಲ್ಲಾರಿ, ಕೊನೆಯಲ್ಲಿ ‘ಡ್’ ಬದಲು ‘ರ್’ ಬರುವ ಧಾರ್ವಾರ್. ತಾರೀಖಿನ ಖಾನೆಯನ್ನು ಮುಟ್ಟದಿರುವುದೇ ಒಳ್ಳೆಯದು; ಜಪಾನೀಯರ ಸೆರೆಯಲ್ಲಿ ಸತ್ತವರ ವಿಷಯದಲ್ಲಿ ಮನೆಯವರು ಹೇಳುವ ದಿನಕ್ಕೂ ದಾಖಲೆಯ ದಿನಕ್ಕೂ ತಾಳೆಯಾಗದಿರಬಹುದು.

ಊರಿನಿಂದ ಸಿಗದಿದ್ದರೆ ಪಡೆಯಿಂದ ಹುಡುಕಬಹುದು. 1942ರಲ್ಲಿ ಸಿಂಗಪುರದ ರಕ್ಷಣೆಗೆ ನಿಂತ ದೇಶೀ ಸಂಸ್ಥಾನಗಳ ಪಡೆಗಳಲ್ಲಿ 1ನೇ ಮೈಸೂರು ಇನ್‌ಫೆಂಟ್ರಿಯೂ ಇತ್ತು. ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಇದ್ದ ಮದ್ರಾಸ್ ಸ್ಯಾಪರ್ಸ್ ಅಂಡ್ ಮೈನರ್ಸ್, ಸಾಮಾನು ಸಾಗಣೆಯ ರಾಯಲ್ ಇಂಡಿಯನ್ ಆರ್ಮಿ ಸರ್ವಿಸ್ ಕೋರ್, ಆಸ್ಪತ್ರೆ ಸಿಬ್ಬಂದಿಯ ಪಡೆ, ಇವನ್ನೂ ಒಂದೊಂದಾಗಿ ಹಾಕಿ ನೋಡಬೇಕು. ಮನೆಯಲ್ಲಿ ಹಳೆಯ ಪಿಂಚಣಿ ಕಾಗದವೋ ಪದಕವೋ ಇದ್ದರೆ ಸೇವಾ ಸಂಖ್ಯೆ ಸಿಗುತ್ತದೆ. ಅದೊಂದಿದ್ದರೆ ಕಾಗುಣಿತದ ಗೊಡವೆಯೇ ಇಲ್ಲ. ಫಲಿತಾಂಶದ ಪಟ್ಟಿಯನ್ನು ಇಳಿಸಿಕೊಳ್ಳುವ ಸೌಲಭ್ಯವಿದೆ, ಇಳಿಸಿಕೊಂಡು ಫೋನಿನಲ್ಲಿ ಇಟ್ಟುಕೊಳ್ಳಿ.

ಕೊನೆಗೆ ಕೈಯಲ್ಲಿ ಉಳಿಯಬೇಕಾದದ್ದು ಒಂದು ಗುರುತು. ಅದು ಎರಡು ಬಗೆ. ‘ಕಾಲಮ್’ ಎಂದೂ ಮುಂದೆ ಒಂದು ಸಂಖ್ಯೆಯೂ ಇದ್ದರೆ ಹೆಸರು ಗೋಡೆಯ ಮೇಲಿದೆ. ಒಂದು ಸಂಖ್ಯೆ, ಒಂದು ಅಕ್ಷರ, ಮತ್ತೊಂದು ಸಂಖ್ಯೆ ಹೀಗಿದ್ದರೆ ಅದು ಸಮಾಧಿ: ಮೊದಲನೆಯದು ಪ್ಲಾಟ್, ಅಕ್ಷರ ಸಾಲು, ಕೊನೆಯದು ಆ ಸಾಲಿನಲ್ಲಿ ಎಷ್ಟನೆಯ ಕಲ್ಲು ಎಂಬುದು. ಜೊತೆಗೆ ಸ್ಮಾರಕದ ಹೆಸರನ್ನು ಪೂರ್ತಿ ಬರೆದುಕೊಳ್ಳಿ. ಒಂದೇ ಆವರಣದಲ್ಲಿ ಸಿಂಗಪುರ ಮೆಮೋರಿಯಲ್, ಸಿಂಗಪುರ ಕ್ರಿಮೇಶನ್ ಮೆಮೋರಿಯಲ್ ಎಂದು ಬೇರೆ ಬೇರೆ ಇವೆ, ‘ಸಿಂಗಪುರ’ ಎಂದಷ್ಟೇ ಗೀಚಿಕೊಂಡು ಹೋದರೆ ಅಲ್ಲಿ ನಿಂತು ತಲೆ ಕೆರೆದುಕೊಳ್ಳಬೇಕು.

ಇನ್ನು ಪ್ರಯಾಣ. ಎಂಆರ್‌ಟಿಯಲ್ಲಿ ಒಂದು ಸಲದ ಬಿಡಿ ಟಿಕೆಟ್ ಈಗಿಲ್ಲ. ವೀಸಾ ಅಥವಾ ಮಾಸ್ಟರ್‌ಕಾರ್ಡ್ ಇದ್ದರೆ ಗೇಟಿಗೆ ತಾಗಿಸಿ ಒಳಹೋಗಬಹುದು. ಭಾರತದಲ್ಲಿ ಕೊಟ್ಟ ಕಾರ್ಡಿನಲ್ಲಿ ವಿದೇಶಿ ಬಳಕೆ, ತಾಗಿಸಿ ಪಾವತಿಸುವ ಸೌಲಭ್ಯ ಎರಡನ್ನೂ ಬ್ಯಾಂಕಿನ ಆ್ಯಪ್‌ನಲ್ಲಿ ಮೊದಲೇ ಆನ್ ಮಾಡಿರಬೇಕು. ಗೇಟು ಕೆಂಪು ತೋರಿಸಿದರೆ ಹೆಚ್ಚಿನ ಸಲ ಕಾರಣ ಇದೇ. ಹೊರದೇಶದ ಕಾರ್ಡಿಗೆ ಬಳಸಿದ ಪ್ರತಿ ದಿನಕ್ಕೆ 60 ಸೆಂಟ್ ಹೆಚ್ಚುವರಿ ಶುಲ್ಕ ಬೀಳುತ್ತದೆ. ಮೂರು ನಾಲ್ಕು ದಿನ ಇರುವವರು ನಿಲ್ದಾಣದಲ್ಲೇ ಈಜಿಲಿಂಕ್ ಎಂಬ, ಮೊದಲೇ ಹಣ ತುಂಬಿಸಿಡುವ ಪ್ರಯಾಣ ಕಾರ್ಡ್ ಕೊಳ್ಳುವುದು ಮೇಲು. ಒಂದು ಕಾರ್ಡು ಒಬ್ಬರಿಗೆ ಮಾತ್ರ; ಗಂಡ ತಾಗಿಸಿ ಒಳಗೆ ಹೋಗಿ ಅದನ್ನೇ ಹೆಂಡತಿಯ ಕೈಗೆ ದಾಟಿಸುವ ಜಾಣತನ ಇಲ್ಲಿ ನಡೆಯುವುದಿಲ್ಲ. ರೂಪೇ ಕಾರ್ಡನ್ನು ಈ ಗೇಟುಗಳಿಗೆ ನೆಚ್ಚಿಕೊಳ್ಳಬೇಡಿ.

ನಮ್ಮವರು ಹೆಚ್ಚಾಗಿ ತಂಗುವುದು ಲಿಟಲ್ ಇಂಡಿಯಾದಲ್ಲಿ. ಅಲ್ಲಿಂದ ನೇರಳೆ ಬಣ್ಣದ ನಾರ್ತ್ ಈಸ್ಟ್ ಲೈನಿನಲ್ಲಿ ಒಂದೇ ನಿಲ್ದಾಣ, ಧೋಬಿ ಘಾಟ್. (ಹೌದು, ನಮ್ಮ ಧೋಬಿಗಳೇ, ಮಡಿವಾಳರು ಬಟ್ಟೆ ಒಗೆಯುತ್ತಿದ್ದ ಜಾಗ.) ಅಲ್ಲಿ ಕೆಂಪು ಬಣ್ಣದ ನಾರ್ತ್ ಸೌತ್ ಲೈನಿಗೆ ಬದಲಾಗಿ, ‘ಜುರಾಂಗ್ ಈಸ್ಟ್’ ಎಂದು ಬೋರ್ಡ್ ಇರುವ ರೈಲು ಹತ್ತಬೇಕು. ಬಿಶಾನ್, ಯಿಶುನ್, ವುಡ್‌ಲ್ಯಾಂಡ್ಸ್, ಮಾರ್ಸಿಲಿಂಗ್ ಆದ ಮೇಲೆ ಕ್ರಾಂಜಿ. ಸಂಕೇತ ಎನ್‌ಎಸ್ 7. ರೈಲಿನೊಳಗೆ ಮುಕ್ಕಾಲು ಗಂಟೆ ಹಿಡಿಯುತ್ತದೆ ಎಂದು ಲೆಕ್ಕ ಹಾಕಿಕೊಳ್ಳಿ, ದರ ಎರಡು ಸಿಂಗಪುರ ಡಾಲರಿನ ಆಸುಪಾಸು. ಬೆಳಗಿನ ಹೊತ್ತು ಜನ ನಗರದ ಕಡೆ ಬರುತ್ತಿರುವುದರಿಂದ ಈ ದಿಕ್ಕಿನಲ್ಲಿ ಸೀಟು ಸಿಗುತ್ತದೆ. ಜುರಾಂಗ್ ಕಡೆ ಉಳಿದವರಿಗೆ ಇನ್ನೂ ಹತ್ತಿರ: ಜುರಾಂಗ್ ಈಸ್ಟ್‌ನಿಂದ ಐದನೆಯ ನಿಲ್ದಾಣವೇ ಕ್ರಾಂಜಿ. ರೈಲಿನಲ್ಲಿ ನೀರು ಕುಡಿದರೂ ದಂಡದ ವ್ಯಾಪ್ತಿಗೆ ಬರುತ್ತದೆ. ಬಾಯಾರಿಕೆ ಇದ್ದರೆ ನಿಲ್ದಾಣದ ಹೊರಗೆ ಕುಡಿದೇ ಹತ್ತಿ.

ಕ್ರಾಂಜಿಯಲ್ಲಿ ಇಳಿದ ಮೇಲೆ ಶೌಚಾಲಯದ ಕೆಲಸ ಮುಗಿಸಿ, ಬಾಟಲಿಗೆ ನೀರು ತುಂಬಿಸಿಕೊಂಡೇ ಹೊರಬರುವುದು ಲೇಸು. ಮುಂದೆ ಅಂಗಡಿ ಸಿಗುತ್ತದೆಂಬ ಭರವಸೆ ಬೇಡ. ಸ್ಮಶಾನ ಇರುವುದು ವುಡ್‌ಲ್ಯಾಂಡ್ಸ್ ರಸ್ತೆಯಲ್ಲೇ, ನಗರದ ಕಡೆಗೆ ಅಂದರೆ ದಕ್ಷಿಣಕ್ಕೆ. ಕಾಲ್ನಡಿಗೆಯಲ್ಲಿ ಹತ್ತರಿಂದ ಹದಿನೈದು ನಿಮಿಷ. ದಾರಿ ತಪ್ಪುವಂಥದ್ದೇನಿಲ್ಲ, ಆದರೆ ಸುಂಗೈ ಕಡುತ್ ಕೈಗಾರಿಕಾ ಪ್ರದೇಶದ ಲಾರಿಗಳು ಓಡಾಡುವ ರಸ್ತೆ, ನೆರಳು ಕಡಿಮೆ. ವಯಸ್ಸಾದವರಿದ್ದರೆ ಇಷ್ಟು ದೂರಕ್ಕೂ ಬಸ್ಸು ಹಿಡಿಯಬಹುದು. 170ನೇ ಸಂಖ್ಯೆಯ ಬಸ್ಸು, ಕ್ವೀನ್ ಸ್ಟ್ರೀಟ್ ಕಡೆಗೆ ಹೋಗುವುದು. ರೈಲಿನಿಂದ ಇಳಿದ 45 ನಿಮಿಷದೊಳಗೆ ಅದೇ ಕಾರ್ಡಿನಲ್ಲಿ ಹತ್ತಿದರೆ ಒಂದೇ ಪ್ರಯಾಣವೆಂದು ಲೆಕ್ಕವಾಗುವುದರಿಂದ ಹೊಸದಾಗಿ ಪೂರ್ತಿ ದರ ಬೀಳುವುದಿಲ್ಲ.

ಇಲ್ಲಿ ಎಚ್ಚರ ಬೇಕಾದದ್ದು ದಿಕ್ಕಿನ ಬಗ್ಗೆ. ಅದೇ 170 ಇನ್ನೊಂದು ದಿಕ್ಕಿನಲ್ಲಿ ವುಡ್‌ಲ್ಯಾಂಡ್ಸ್ ಚೆಕ್‌ಪಾಯಿಂಟ್ ದಾಟಿ ಮಲೇಷ್ಯಾದ ಲಾರ್ಕಿನ್‌ಗೆ ಹೋಗುತ್ತದೆ. 170 ಎಕ್ಸ್, ಹಳದಿ ಬಣ್ಣದ ಕಾಸ್‌ವೇ ಲಿಂಕ್ ಬಸ್ಸುಗಳು ಕೂಡ ಗಡಿಯ ಕಡೆಯವೇ. ತಪ್ಪಿ ಹತ್ತಿ ಚೆಕ್‌ಪಾಯಿಂಟ್‌ವರೆಗೆ ಹೋದರೆ ವಲಸೆ ತಪಾಸಣೆಯ ಜನಜಂಗುಳಿಯಲ್ಲಿ ಸಿಕ್ಕಿಹಾಕಿಕೊಳ್ಳುತ್ತೀರಿ, ಮತ್ತು ಒಮ್ಮೆ ಮಾತ್ರ ಪ್ರವೇಶವಿರುವ ವೀಸಾದವರು ಅದನ್ನು ದಾಟುವಂತೆಯೇ ಇಲ್ಲ. ಹತ್ತುವ ಮುನ್ನ ಮುಂದಿನ ಫಲಕದಲ್ಲಿ ಊರಿನ ಹೆಸರು ಓದಿ.

ರೈಲು ಬೇಡವೆನ್ನುವವರು ನಗರದಿಂದಲೇ 170 ಹಿಡಿಯಬಹುದು. ಬುಗಿಸ್ ಹತ್ತಿರದ ಕ್ವೀನ್ ಸ್ಟ್ರೀಟ್ ಟರ್ಮಿನಲ್‌ನಲ್ಲಿ ಹೊರಟು ಬುಕಿತ್ ತಿಮಾ ರಸ್ತೆ ಹಿಡಿದು ಬರುತ್ತದೆ. ಸ್ಮಶಾನ ಸಿಗುವುದು ಕ್ರಾಂಜಿ ನಿಲ್ದಾಣಕ್ಕಿಂತ ಮೊದಲೇ, ಫೋನಿನ ನಕ್ಷೆ ನೋಡುತ್ತಾ ಸಮೀಪಿಸಿದಾಗ ಗಂಟೆ ಒತ್ತಬೇಕು. ಒಂದು ಗಂಟೆಗೂ ಮೇಲೆ ಹಿಡಿಯುತ್ತದೆ. ಶುಕ್ರವಾರ ಸಂಜೆ, ಶನಿವಾರ, ರಜೆಯ ಹಿಂದಿನ ದಿನ ಈ ಬಸ್ಸು ನನ್ನ ಮಟ್ಟಿಗೆ ಬೇಡ. ಗಡಿಯಾಚೆ ಮಲೇಷ್ಯಾದ ಜೋಹೋರ್‌ಗೆ ಹೋಗುವವರಿಂದ ತುಂಬಿ ತುಳುಕುತ್ತದೆ. ಇಳಿಯುವಾಗ ಕಾರ್ಡನ್ನು ಮತ್ತೆ ತಾಗಿಸದಿದ್ದರೆ ಕೊನೆಯ ನಿಲ್ದಾಣದವರೆಗಿನ ದರ ಕಡಿತವಾಗುತ್ತದೆ. ನಗದು ಕೊಟ್ಟರೆ ಚಿಲ್ಲರೆ ವಾಪಸ್ ಬರುವುದಿಲ್ಲ.

ಬೆಳಿಗ್ಗೆ 7ರಿಂದ ಸಂಜೆ 6ರವರೆಗೆ ಪ್ರವೇಶ, ಶುಲ್ಕವಿಲ್ಲ. ಎಂಟು, ಒಂಬತ್ತಕ್ಕೆ ಅಲ್ಲಿರುವುದು ಎಲ್ಲ ರೀತಿಯಿಂದ ಅನುಕೂಲ. ಮಧ್ಯಾಹ್ನದ ನಂತರ ಗುಡುಗು ಮಳೆ ಇಲ್ಲಿ ಮಾಮೂಲು. ಬಯಲು ದಿಣ್ಣೆಯ ಮೇಲೆ ಸಿಡಿಲಿನ ಹೊತ್ತಿಗೆ ನಿಲ್ಲುವಂತಿಲ್ಲ, ಇಳಿಜಾರಿನ ಹುಲ್ಲು ಜಾರುತ್ತದೆ. ಓದಲಿಕ್ಕೂ ಓರೆ ಬೆಳಕೇ ಬೇಕು. ತಿಳಿ ಬಣ್ಣದ ಕಲ್ಲಿನಲ್ಲಿ ಕೊರೆದ ಅಕ್ಷರ ನಡುಹಗಲಿನ ನೇರ ಬೆಳಕಿಗೆ ಅಳಿಸಿಹೋದಂತೆ ಕಾಣುತ್ತದೆ. ಚಾವಣಿಯ ನೆರಳಿನಲ್ಲಿರುವ ಗೋಡೆಗೆ ಫೋನಿನ ಟಾರ್ಚನ್ನು ಪಕ್ಕದಿಂದ, ಕಲ್ಲಿಗೆ ಒರಗುವಂತೆ ಹಿಡಿದರೆ ಅಕ್ಷರಗಳು ಎದ್ದು ಬರುತ್ತವೆ. ಸೀಮೆಸುಣ್ಣ ತಿಕ್ಕುವುದು, ಕಾಗದ ಇಟ್ಟು ಪೆನ್ಸಿಲ್ ಉಜ್ಜುವುದು ಬೇಡ, ಕಲ್ಲು ಹಾಳಾಗುತ್ತದೆ.

ಕೆಳಗಿನ ಇಳಿಜಾರಿನಲ್ಲಿ ಎರಡನೇ ಮಹಾಯುದ್ಧದ 4,461 ಮಂದಿಯ ಸಮಾಧಿಗಳಿವೆ. ಅದರಲ್ಲಿ 850ಕ್ಕೂ ಹೆಚ್ಚು ಗುರುತು ಸಿಗದವು. ಸೆರೆಯಾಳುಗಳು ಶುರುಮಾಡಿದ ಸಣ್ಣ ಸ್ಮಶಾನ ಇದು. ಯುದ್ಧ ಮುಗಿದ ಮೇಲೆ ಚಾಂಗಿ ಮೊದಲಾದ ಕಡೆಗಳಿಂದ ಸಮಾಧಿಗಳನ್ನು ಇಲ್ಲಿಗೆ ತಂದರು. ಪ್ಲಾಟ್ ಸಂಖ್ಯೆ ಇದ್ದವರು ಇಲ್ಲೇ ಹುಡುಕಬೇಕು. ಕಾಲಮ್ ಸಂಖ್ಯೆ ಇದ್ದವರು ನೇರ ಮೇಲಕ್ಕೆ ನಡೆಯಿರಿ. ವಿಮಾನದ ರೆಕ್ಕೆಯಂಥ ಚಾವಣಿ, ನಡುವೆ ತುದಿಯಲ್ಲಿ ನಕ್ಷತ್ರವಿರುವ ಎತ್ತರದ ಕಂಬ ಕಾಣುವುದೇ ಸಿಂಗಪುರ ಮೆಮೋರಿಯಲ್; ವಿನ್ಯಾಸ ಕಾಲಿನ್ ಸೇಂಟ್ ಕ್ಲೇರ್ ಓಕ್ಸ್ ಅವರದು, 1957ರ ಮಾರ್ಚ್ 2ರಂದು ಅನಾವರಣವಾಯಿತು. ಇದರ ಗೋಡೆಗಳ ಮೇಲೆ 24,000ಕ್ಕೂ ಹೆಚ್ಚು ಹೆಸರುಗಳು. ಮಲಯಾದ ಕಾಡಿನಲ್ಲಿ ಸತ್ತವರು, ಬರ್ಮಾ–ಥಾಯ್ಲೆಂಡ್ ರೈಲು ಹಾದಿಯ ಕೂಲಿಯಲ್ಲಿ ಮಡಿದವರು, ಸೆರೆಯಾಳುಗಳ ಹಡಗಿನೊಂದಿಗೆ ಮುಳುಗಿದವರು, ಹೀಗೆ ಸಮಾಧಿಯ ಗುರುತೇ ಇಲ್ಲದವರು. ಗೋಡೆಯ ಮೇಲೆ ಮೊದಲು ಪಡೆ, ಅದರೊಳಗೆ ಹುದ್ದೆ, ಹುದ್ದೆಯೊಳಗೆ ಇಂಗ್ಲಿಷ್ ಅಕ್ಷರಾನುಕ್ರಮ. ಸಿಪಾಯಿಯ ಹೆಸರನ್ನು ಹವಾಲ್ದಾರರ ಸಾಲಿನಲ್ಲಿ ಹುಡುಕಿದರೆ ಸಿಗದು. ಹುದ್ದೆಯನ್ನೂ ಬರೆದುಕೊಂಡು ಹೋಗಿ ಎನ್ನುವುದು ಇದಕ್ಕೇ.

ಈ ಮೆಮೋರಿಯಲ್‌ನ ಸರಿಯಾಗಿ ಹಿಂದೆ ಕ್ರಿಮೇಶನ್ ಮೆಮೋರಿಯಲ್ ಇದೆ. ಹೆಚ್ಚಿನವರು ಕಂಬದ ಮುಂದೆ ಫೋಟೋ ತೆಗೆದು ಅಲ್ಲಿಂದಲೇ ತಿರುಗಿಬಿಡುತ್ತಾರೆ. ತಮ್ಮ ಧರ್ಮದ ಪ್ರಕಾರ ದಹನವಾದ ಸುಮಾರು 800 ಮಂದಿಯ ಹೆಸರು ಇಲ್ಲಿದೆ. ಹೆಚ್ಚಿನವರು ಭಾರತೀಯ ಪಡೆಯವರು. ನಾನು ಯಾರನ್ನು ಕರೆದುಕೊಂಡು ಹೋದರೂ ಮೊದಲು ಇಲ್ಲಿಗೆ ಹೋಗಿ ಆಮೇಲೆ ಮುಂದಕ್ಕೆ ಬರುವ ಕ್ರಮ ಇಟ್ಟುಕೊಂಡಿದ್ದೇನೆ. ಮೆಮೋರಿಯಲ್‌ನ ಪಶ್ಚಿಮ ತುದಿಯಲ್ಲಿ ಇನ್ನೊಂದು ಸ್ಮಾರಕವಿದೆ: ಸಾರ್ವಜನಿಕ ಸ್ಮಶಾನಗಳಲ್ಲಿ ಹೂಳಿದ್ದ, ನೋಡಿಕೊಳ್ಳುವ ಭರವಸೆಯಿಲ್ಲದ, ಧಾರ್ಮಿಕ ಕಾರಣಕ್ಕೆ ಎತ್ತಿ ತರಲಾಗದ 250ಕ್ಕೂ ಹೆಚ್ಚು ಮಂದಿಯದು. ಮುಸ್ಲಿಂ ಸೈನಿಕರ ಮನೆಯವರು ಇದನ್ನೂ ನೋಡಬೇಕು. ಆಜಾದ್ ಹಿಂದ್ ಫೌಜಿನವರನ್ನು ಹುಡುಕಿ ಇಲ್ಲಿಗೆ ಬರುವವರೂ ಇದ್ದಾರೆ. ಅವರ ಸ್ಮಾರಕ ಇದ್ದದ್ದು ನಗರದ ಎಸ್ಪ್ಲನೇಡ್ ದಂಡೆಯಲ್ಲಿ. 1945ರಲ್ಲಿ ಬ್ರಿಟಿಷರು ಕೆಡವಿದರು. ಆ ಜಾಗದಲ್ಲಿ ಈಗ ಒಂದು ಫಲಕವಿದೆ, ಸಿಟಿ ಹಾಲ್ ನಿಲ್ದಾಣದಿಂದ ನಡೆದು ಹೋಗಬಹುದು.

ಹೂವು ಬೇಕಾದರೆ ಲಿಟಲ್ ಇಂಡಿಯಾದ ಬಫಲೋ ರಸ್ತೆಯಲ್ಲೇ ಮಾಲೆ ಕೊಂಡು ಹೊರಡಿ, ಕ್ರಾಂಜಿಯಲ್ಲಿ ಸಿಗುವುದಿಲ್ಲ. ಅರಿಶಿನ, ಕುಂಕುಮ, ಎಣ್ಣೆ ಕಲ್ಲಿಗೆ ತಾಗಿದರೆ ಕಲೆ ಹೋಗುವುದೇ ಇಲ್ಲ. ಹೂವನ್ನು ಗೋಡೆಯ ಬುಡದಲ್ಲಿ ಇಟ್ಟರೆ ಸಾಕು. ಏಪ್ರಿಲ್ 25ರಂದು ಮತ್ತು ನವೆಂಬರ್ 11ಕ್ಕೆ ಹತ್ತಿರದ ಭಾನುವಾರದಂದು ಬೆಳಿಗ್ಗೆ ಸಮಾರಂಭಗಳಿರುತ್ತವೆ, ಸಾವಧಾನವಾಗಿ ಹೆಸರು ಹುಡುಕಲು ಆ ದಿನಗಳು ಬೇಡ.

ಹಿಂತಿರುಗುವಾಗ ನಾನು ರೈಲಿಗೆ ಹೋಗುವುದಿಲ್ಲ. ನಗರದ ಕಡೆಯ 170ಕ್ಕೆ ಕೈ ತೋರಿಸಿ ನಿಲ್ಲಿಸಬೇಕು, ಸುಮ್ಮನೆ ನಿಂತರೆ ಬಸ್ಸು ಮುಂದೆ ಹೋಗಿಬಿಡಬಹುದು. ಅದು ಅಪ್ಪರ್ ಬುಕಿತ್ ತಿಮಾ ರಸ್ತೆಯಲ್ಲಿ ಹಳೆಯ ಫೋರ್ಡ್ ಕಾರ್ಖಾನೆಯನ್ನು ಹಾಯ್ದು ಹೋಗುತ್ತದೆ. 1942ರ ಫೆಬ್ರುವರಿ 15ರಂದು ಬ್ರಿಟಿಷ್ ಸೇನಾಪತಿ ಪರ್ಸಿವಲ್ ಜಪಾನಿನ ಸೇನಾಪತಿ ಯಮಾಶಿತನಿಗೆ ಶರಣಾಗತಿ ಪತ್ರಕ್ಕೆ ಸಹಿ ಹಾಕಿದ್ದು ಅಲ್ಲೇ; ಈಗ ವಸ್ತುಸಂಗ್ರಹಾಲಯ, ಸೋಮವಾರ ರಜೆ. ಅಲ್ಲಿಂದ ಲಿಟಲ್ ಇಂಡಿಯಾಗೆ ಬರಲು ಹತ್ತಿರದಲ್ಲೇ 2025ರಲ್ಲಿ ತೆರೆದ ಹ್ಯೂಮ್ ನಿಲ್ದಾಣವಿದೆ, ನೀಲಿ ಬಣ್ಣದ ಡೌನ್‌ಟೌನ್ ಲೈನ್, ನಡುವೆ ರೈಲು ಬದಲಿಸುವುದಿಲ್ಲ.