ಶ್ರೀಲಂಕಾದಲ್ಲಿ ಊರಿಂದೂರಿಗೆ: ಎಲ್ಲಿ ರೈಲು, ಎಲ್ಲಿ ಬಸ್ಸು, ಎಲ್ಲಿ ಬಾಡಿಗೆ ವ್ಯಾನು

ಬೆಂಗಳೂರಿನಿಂದ ನೇರ ವಿಮಾನದಲ್ಲಿ ಕೊಲಂಬೊಗೆ ಹೋಗುವ ನಮ್ಮವರಲ್ಲಿ ಹಲವರು ವಿಮಾನ ನಿಲ್ದಾಣದಲ್ಲೇ ಇಡೀ ಪ್ರವಾಸಕ್ಕೆ ಒಂದು ಕಾರನ್ನು ಗೊತ್ತುಮಾಡಿಕೊಳ್ಳುತ್ತಾರೆ. ಚಿಕ್ಕ ಮಕ್ಕಳೂ ವಯಸ್ಸಾದವರೂ ಜೊತೆಗಿದ್ದರೆ ಅದು ಸರಿಯಾದ ನಿರ್ಧಾರವೇ. ಉಳಿದವರು ಮಾತ್ರ ದ್ವೀಪದ ಒಂದೊಂದು ಭಾಗಕ್ಕೆ ಒಂದೊಂದು ವಾಹನವನ್ನು ಆರಿಸಿಕೊಳ್ಳುವುದು ಮೇಲು. ಖರ್ಚೂ ಕಡಿಮೆ, ನಾಡನ್ನು ನೋಡಿದ ತೃಪ್ತಿಯೂ ಹೆಚ್ಚು.

ವಿಮಾನ ನಿಲ್ದಾಣವಿರುವುದು ಕೊಲಂಬೊದಲ್ಲಲ್ಲ, ಅದರ ಉತ್ತರಕ್ಕೆ ಮೂವತ್ತು ಕಿಲೋಮೀಟರಿಗೂ ಹೆಚ್ಚು ದೂರದ ಕಟುನಾಯಕದಲ್ಲಿ. ಅಲ್ಲಿಂದ ನಗರಕ್ಕೆ 187ನೇ ಸಂಖ್ಯೆಯ ಬಸ್ಸಿದೆ. ರಾತ್ರಿ ಇಳಿದವರು ಟ್ಯಾಕ್ಸಿ ಹಿಡಿಯಲಿ, ಅಥವಾ ಹತ್ತಿರದ ನೆಗೊಂಬೊದಲ್ಲೇ ತಂಗಲಿ.

ಮಲೆನಾಡಿಗೆ ರೈಲಿಗಿಂತ ಉತ್ತಮ ವಾಹನವಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಕೊಲಂಬೊ ಫೋರ್ಟ್ ನಿಲ್ದಾಣದಿಂದ ಹೊರಡುವ ಈ ಹಳಿ 1867ರಲ್ಲಿ ಕ್ಯಾಂಡಿಯನ್ನೂ 1924ರಲ್ಲಿ ಬದುಳ್ಳವನ್ನೂ ತಲುಪಿತು. ಕಾಫಿಯನ್ನು, ಆಮೇಲೆ ಚಹಾವನ್ನು ಬಂದರಿಗೆ ಇಳಿಸಲೆಂದು ಹಾಕಿದ ಮಾರ್ಗವಾದ್ದರಿಂದಲೇ ಅದು ತೋಟಗಳ ನಡುವೆಯೇ ಸುತ್ತಿ ಬಳಸಿ ಏರುತ್ತದೆ. ನುವರ ಎಲಿಯಕ್ಕೆ ಹೋಗುವವರು ನಾನು ಓಯದಲ್ಲಿ ಇಳಿದು ಬಸ್ಸನ್ನೋ ಆಟೋವನ್ನೋ ಹಿಡಿಯಬೇಕು. ಎಲ್ಲ (Ella) ಎಂಬ ಊರನ್ನು ದಾಟಿದ ಮೇಲೆ ದೆಮೋದರದ ಬಳಿ ಒಂಬತ್ತು ಕಮಾನುಗಳ ಸೇತುವೆ ಸಿಗುತ್ತದೆ. ಕ್ಯಾಂಡಿಯಿಂದ ಎಲ್ಲಕ್ಕೆ ಆರೇಳು ಗಂಟೆ ಹಿಡಿಯುವುದರಿಂದ ಆ ದಿನ ಬೇರೆ ಯಾವ ಕಾರ್ಯಕ್ರಮವನ್ನೂ ಇಟ್ಟುಕೊಳ್ಳಬೇಡಿ.

ಕಾಯ್ದಿರಿಸುವ ಟಿಕೆಟ್ ಪ್ರಯಾಣಕ್ಕೆ ಮೂವತ್ತು ದಿನ ಮೊದಲು ತೆರೆಯುತ್ತದೆ, ಬೇಗ ಮುಗಿದೂ ಹೋಗುತ್ತದೆ. ಸಿಗದಿದ್ದರೆ ದಲ್ಲಾಳಿಗಳಿಗೆ ದುಪ್ಪಟ್ಟು ಹಣ ತೆರಬೇಕಾಗಿಲ್ಲ. ಕಾಯ್ದಿರಿಸದ ಎರಡನೇ ಅಥವಾ ಮೂರನೇ ದರ್ಜೆಯ ಟಿಕೆಟ್ ಅದೇ ದಿನ ನಿಲ್ದಾಣದಲ್ಲಿ ದೊರೆಯುತ್ತದೆ, ಸ್ವಲ್ಪ ದೂರ ನಿಂತು ಹೋಗಲು ಸಿದ್ಧರಿದ್ದರೆ ಸಾಕು. ಬಾಗಿಲಲ್ಲಿ ಜೋತುಬಿದ್ದು ಚಿತ್ರ ತೆಗೆಸಿಕೊಳ್ಳುವ ಚಾಳಿಯನ್ನು ದಯವಿಟ್ಟು ಬಿಡಿ, ಸುರಂಗದ ಗೋಡೆಗಳು ಹಳಿಗೆ ಬಹಳ ಹತ್ತಿರವಿವೆ. 2025ರ ನವೆಂಬರ್ ಕೊನೆಯಲ್ಲಿ ದಿತ್ವಾ ಚಂಡಮಾರುತ ಈ ಮಾರ್ಗಕ್ಕೆ ಭಾರಿ ಹಾನಿ ಮಾಡಿತು. ಹಾಗಾಗಿ ಯಾವ ಭಾಗದಲ್ಲಿ ರೈಲು ಓಡುತ್ತಿದೆ ಎಂಬುದನ್ನು ತಿಳಿದುಕೊಂಡೇ ದಿನಗಳನ್ನು ನಿಗದಿಮಾಡಿ.

ದಕ್ಷಿಣದ ಗಾಲೆಗೆ ಎರಡು ದಾರಿಗಳಿವೆ. ರೈಲು ಕಡಲಿಗೆ ಅಂಟಿಕೊಂಡೇ ಸಾಗುತ್ತದೆ; ಅವಸರವಿದ್ದವರಿಗೆ ಕೊಲಂಬೊದ ಹೊರವಲಯದ ಮಾಕುಂಬುರದಿಂದ ಎಕ್ಸ್‌ಪ್ರೆಸ್‌ವೇಯ ಹವಾನಿಯಂತ್ರಿತ ಬಸ್ಸುಗಳಿವೆ. ಸಾಮಾನ್ಯ ಬಸ್ಸುಗಳಲ್ಲಿ ಕೆಂಪು ಬಣ್ಣದವು ಸರ್ಕಾರದವು, ಉಳಿದವು ಖಾಸಗಿ. ಎರಡರಲ್ಲೂ ದರ ಅಗ್ಗ, ಚಿಲ್ಲರೆ ಇಟ್ಟುಕೊಂಡಿರಬೇಕು.

ಸಿಗಿರಿಯ, ದಂಬುಲ್ಲ, ಪೊಲೊನ್ನರುವಗಳ ಸುತ್ತಾಟಕ್ಕೆ ಮಾತ್ರ ಬಾಡಿಗೆ ವ್ಯಾನು ಅನುಕೂಲ. ಸಿಗಿರಿಯದಲ್ಲಿ ರೈಲು ನಿಲ್ದಾಣವಿಲ್ಲ, ನೋಡುವ ಸ್ಥಳಗಳು ದೂರದೂರ ಹರಡಿವೆ, ಬಿಸಿಲೂ ಜೋರು. ನಾಲ್ವರು ಹಂಚಿಕೊಂಡರೆ ಬಾಡಿಗೆ ಭಾರವೆನಿಸದು. ಚಾಲಕನ ಊಟ, ವಸತಿ ಮತ್ತು ಪೆಟ್ರೋಲಿನ ಖರ್ಚು ದರದಲ್ಲಿ ಸೇರಿದೆಯೇ ಎಂದು ಮೊದಲೇ ಕೇಳಿ ಬರಹದಲ್ಲಿ ಪಡೆಯಿರಿ.

ಊರೊಳಗೆ ಆಟೋಗಳಿವೆ, ಅಲ್ಲಿನವರು ತ್ರೀ ವೀಲರ್ ಅಥವಾ ಟುಕ್‌ಟುಕ್ ಎನ್ನುತ್ತಾರೆ. ಕೊಲಂಬೊ, ಕ್ಯಾಂಡಿಗಳಲ್ಲಿ ಪಿಕ್‌ಮಿ ಆ್ಯಪ್‌ನಲ್ಲಿ ದರ ಮೊದಲೇ ಕಾಣುತ್ತದೆ. ಇತರೆಡೆ ಹತ್ತುವ ಮುನ್ನ ದರ ಮಾತಾಡಿಕೊಳ್ಳಿ. ಆಟೋವನ್ನೇ ಬಾಡಿಗೆಗೆ ಪಡೆದು ಸ್ವತಃ ಓಡಿಸುವವರೂ ಇದ್ದಾರೆ. ನಮ್ಮಂತೆಯೇ ಎಡಬದಿಯ ಸಂಚಾರವಾದರೂ ಭಾರತದ ಪರವಾನಗಿಯೊಂದೇ ಸಾಲದು, ಅಲ್ಲಿನ ಅನುಮತಿಪತ್ರವೂ ಬೇಕು. ಆಟೋ ಮತ್ತು ಬೈಕುಗಳಿಗೆ ಎಕ್ಸ್‌ಪ್ರೆಸ್‌ವೇಗಳಲ್ಲಿ ಪ್ರವೇಶವಿಲ್ಲ.

ಉತ್ತರದ ಜಾಫ್ನಾಕ್ಕೆ ಯುದ್ಧದಲ್ಲಿ ಕಡಿದುಹೋಗಿದ್ದ ರೈಲು 2014ರಲ್ಲಿ ಮತ್ತೆ ಓಡಿತು. ಅಲ್ಲಿಂದ ಬಸ್ಸಿನಲ್ಲಿ ಕುರಿಕಟ್ಟುವಾನ್ ಕಟ್ಟೆಗೆ ಹೋದರೆ ನೈನಾತೀವಿಗೂ ಡೆಲ್ಫ್ಟ್ ದ್ವೀಪಕ್ಕೂ ದೋಣಿ ಸಿಗುತ್ತದೆ. ಡೆಲ್ಫ್ಟ್‌ಗೆ ಬೆಳಗ್ಗೆಯೇ ಹೊರಡಿ, ಮರಳುವ ದೋಣಿಯ ಸಮಯವನ್ನು ಹತ್ತುವಾಗಲೇ ಕೇಳಿಟ್ಟುಕೊಳ್ಳಿ.